‘ನೈಸ್’ ಎಂಬ ನುಣುಪು ಮಾತು

ಮಗಳ ವಿವಾಹದ ಮಾತುಕತೆಗೆ ಮುನ್ನ ಒಬ್ಬ ತಂದೆ ನನ್ನಲ್ಲಿಗೆ ಬಂದರು. ವರ ನನ್ನ ಹಳೆಯ ವಿದ್ಯಾರ್ಥಿ. “ಹುಡುಗ ಹೇಗೆ ಉಸ್ತಾದರೇ?” ಎಂದು ಕೇಳಿದರು. ಆತ ಹಲವರಿಂದ ಕೈಸಾಲ ಪಡೆದು ಹಿಂದಿರುಗಿಸಿಲ್ಲವೆಂಬುದು ನನಗೆ ತಿಳಿದಿತ್ತು. ಆದರೂ “ನೈಸ್ ಹುಡುಗ” ಎಂದುಬಿಟ್ಟೆ. “ನೈಸ್ ಅಂದರೆ?” ಎಂದರು. ನಾನು ನಕ್ಕು ಸುಮ್ಮನಾದೆ.

ಆ ರಾತ್ರಿ ಶಬ್ದಕೋಶ ತೆರೆದೆ. ಈ ಪದದ ಮೂಲ ಲ್ಯಾಟಿನ್‌ನ ‘ನೆಸ್ಕಿಯಸ್’, ಅರ್ಥಾತ್, ಅರಿವಿಲ್ಲದವನು. ಫ್ರೆಂಚ್‌ನ ಮೂಲಕ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ‘ಮೂರ್ಖ’. ಮುಂದೆ ಅದು ‘ಅತಿ ನಾಜೂಕಿನ’, ‘ಸೂಕ್ಷ್ಮ’, ‘ನಿಖರ’ ಎಂದೆಲ್ಲ ಬದಲಾಗಿ, ಹದಿನೆಂಟನೆಯ ಶತಮಾನದಲ್ಲಿ ‘ಹಿತಕರ’ ಎಂಬಲ್ಲಿಗೆ ತಲುಪಿತು. 1817ರ ಕೊನೆಯಲ್ಲಿ ಹೊರಬಂದ ಜೇನ್ ಆಸ್ಟಿನ್‌ರ ‘ನಾರ್ಥ್ಯಾಂಗರ್ ಅಬ್ಬೆ’ ಕಾದಂಬರಿಯ ಒಂದು ಪಾತ್ರ, ಎಲ್ಲದಕ್ಕೂ ಇದೊಂದೇ ಪದವನ್ನು ಬಳಸುವ ಚಾಳಿಯನ್ನು ಆಗಲೇ ಗೇಲಿ ಮಾಡಿತ್ತು.

ಇದರ ಸಮಾನಾರ್ಥಕ ಪದಗಳನ್ನು ತೂಗಿ ನೋಡಿ. ‘ಪ್ಲೆಸೆಂಟ್’ ಎಂದರೆ ಆತನ ಒಡನಾಟ ನಮಗೆ ಹಿತವೆನಿಸುತ್ತದೆ ಎಂದರ್ಥ. ‘ಪೊಲೈಟ್’ ಎಂಬುದು ಮಾತಿನ ವಿನಯ. ‘ಕೈಂಡ್’ ಎಂದರೆ ದಯೆ. ಅದಕ್ಕೆ ಮಾತ್ರ ಕೈಯಿಂದ ಏನಾದರೂ ಖರ್ಚಾಗಬೇಕು. ಈ ಮೂರನ್ನೂ ‘ನೈಸ್’ ಒಂದೇ ಚೀಲದಲ್ಲಿ ತುಂಬುತ್ತದೆ. ಆದರೆ ಆ ತಂದೆಗೆ ಬೇಕಾಗಿದ್ದ ‘ಪ್ರಾಮಾಣಿಕ’ ಎಂಬ ಪದ ಆ ಚೀಲದಲ್ಲಿಲ್ಲ.

ಕನ್ನಡಿಗರು ಇದನ್ನು ಬೇಗ ಅರಿತಂತಿದೆ. ನಮ್ಮ ಅಡುಗೆಮನೆಯಲ್ಲಿ ಹಿಟ್ಟನ್ನು ‘ನೈಸಾಗಿ’ ರುಬ್ಬುತ್ತಾರೆ. ಪುಸಲಾಯಿಸುವವನು ‘ನೈಸ್ ಮಾಡುತ್ತಾನೆ’. ಹೊಣೆ ಬಂದಾಗ ‘ನೈಸಾಗಿ’ ಜಾರಿಕೊಳ್ಳುವವರೂ ಇದ್ದಾರೆ. ಅಂದು ಜಾರಿಕೊಂಡವನು ನಾನೇ. ನನ್ನ ಮಾತು ಸುಳ್ಳಾಗಿರಲಿಲ್ಲ, ನಿಜ. ಆದರೆ ಸತ್ಯವನ್ನು ಮುಚ್ಚುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು.

ಇತರರ ಕುಂದನ್ನು ಹೇಳುವುದು ಪರನಿಂದೆಯಲ್ಲವೇ ಎಂದು ಕೇಳಬಹುದು. ಕಟ್ಟೆಯ ಮೇಲೆ ಕುಳಿತು ಹೇಳಿದರೆ ಹೌದು. ಆದರೆ ಫಾತಿಮಾ ಬಿಂತ್ ಕೈಸ್(ರ) ತಮಗೆ ಬಂದ ವಿವಾಹ ಪ್ರಸ್ತಾಪಗಳ ಬಗ್ಗೆ ಸಲಹೆ ಕೇಳಿದಾಗ ಪ್ರವಾದಿ(ಸ)ಯವರು ಒಬ್ಬರ ಬಡತನವನ್ನೂ ಇನ್ನೊಬ್ಬರ ನ್ಯೂನತೆಯನ್ನೂ ಮರೆಮಾಚದೆ ತಿಳಿಸಿ, ಉಸಾಮ(ರ)ರನ್ನು ವರಿಸುವಂತೆ ಸೂಚಿಸಿದರು. ನಂಬಿ ಸಲಹೆ ಕೇಳಿದವರಿಗೆ ಅಗತ್ಯವಿದ್ದಷ್ಟು ಸತ್ಯವನ್ನು ಹೇಳುವುದು ಅಮಾನತ್ತು. ಅದಕ್ಕಿಂತ ಒಂದು ಮಾತು ಹೆಚ್ಚಾದರೂ ಅದು ನಿಂದೆಯಾದೀತು.

ಮರುದಿನ ಆ ತಂದೆಯ ಮನೆಗೆ ಹೋದೆ. “ಹುಡುಗ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಆದರೆ ಸಾಲದ ವಿಷಯದಲ್ಲಿ ಮಾತು ಉಳಿಸಿಕೊಂಡಿಲ್ಲ. ಅವನನ್ನೇ ಕೇಳಿ ನೋಡಿ” ಎಂದೆ. ಅವರು ಬಹಳ ಹೊತ್ತು ಮೌನವಾಗಿದ್ದು, “ಇದನ್ನು ನಿನ್ನೆಯೇ ಹೇಳಬಹುದಿತ್ತಲ್ಲ” ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಹಿಂದಿನ ದಿನ ನಾನು ಕಾಪಾಡಿದ್ದು ಹುಡುಗನ ಮಾನವನ್ನಲ್ಲ, ಎಲ್ಲರಿಗೂ ಬೇಕಾದವನೆಂಬ ನನ್ನ ಹೆಸರನ್ನು.