ಅಂಗವಕ್ರತೆಯೂ ತಾಯ್ತನವೂ

ಲಿಂಗವಂತ ಗೃಹಸ್ಥರಲ್ಲಿ ಗರ್ಭಿಣಿಗೆ ಎಂಟನೆಯ ತಿಂಗಳು ಬಂದಾಗ ಗರ್ಭಸ್ಥ ಶಿಶುವಿಗೆ ತಾಯಿಯ ಮೂಲಕ ಲಿಂಗಧಾರಣೆ ಮಾಡಿಸುವ ಸಂಪ್ರದಾಯವುಂಟು. ಈ ಸಂಸ್ಕಾರದ ಅರ್ಥವನ್ನು ನಿಧಾನಿಸಿ ನೋಡಬೇಕು. ಕೂಸು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ಅದು ಗಂಡೋ ಹೆಣ್ಣೋ, ಕಪ್ಪೋ ಕೆಂಪೋ, ಅದರ ಅಂಗಾಂಗಗಳು ನೆಟ್ಟಗಿವೆಯೋ ಸೊಟ್ಟಗಿವೆಯೋ ಎಂಬುದನ್ನು ಮನೆಯವರು ಅರಿಯರು. ಆದರೂ ಗುರುವು ಲಿಂಗವನ್ನು ಕರುಣಿಸುತ್ತಾನೆ. ಅಂಗದ ಆಕಾರವನ್ನು ಪರೀಕ್ಷಿಸಿದ ತರುವಾಯ ಲಿಂಗವೆಂಬ ನಿಯಮವು ಈ ಧರ್ಮದಲ್ಲಿಲ್ಲ. ಹೀಗಿರುವಲ್ಲಿ ಅದೇ ಮನೆಯವರು ಸೊಸೆಯನ್ನು ಆರಿಸುವಾಗ ಹುಡುಗಿಯ ಬೆನ್ನನ್ನು ಕಣ್ಣಿನಿಂದಲೇ ಅಳೆದು, ಕೊಂಚ ಡೊಂಕು ಕಂಡೊಡನೆ “ಇವಳಿಂದ ಹೆರಿಗೆಯಾಗದು” ಎಂದು ತೀರ್ಪು ಕೊಡುವುದು ಎಲ್ಲಿಯ ಧರ್ಮ?

ತುಂಗಭದ್ರೆಯ ದಂಡೆಯ ಹಲವಾಗಲು ಮೊದಲ್ಗೊಂಡು ಹರಪನಹಳ್ಳಿ, ಕೊಟ್ಟೂರು, ಹಡಗಲಿ ಸೀಮೆಯ ಯಾವ ಊರಿನಲ್ಲಿಯೇ ಆಗಲಿ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಯನ್ನು ನಡೆಸಿ ನೋಡುವುದು ಹಿಂದಿನಿಂದ ಬಂದ ರೂಢಿ. ಒಂದು ಭುಜ ಏರಿ ಮತ್ತೊಂದು ಇಳಿದಿದ್ದರೆ, ಸೊಂಟ ಒಂದು ಮಗ್ಗುಲಿಗೆ ವಾಲಿದ್ದರೆ, ಮಾತು ಅಲ್ಲಿಗೇ ಮುರಿಯುತ್ತದೆ. ಬಂದವರು ಬಾಯಿಬಿಟ್ಟು ಏನನ್ನೂ ಹೇಳದೆ ಎದ್ದು ಹೋಗಬಹುದು. ಹುಡುಗಿಗೆ ಮಾತ್ರ ಕಾರಣ ತಿಳಿಯದೆ ಇರುವುದಿಲ್ಲ.

ಬೆನ್ನೆಲುಬು ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವ ಈ ಸ್ಥಿತಿಗೆ ವೈದ್ಯರು ಸ್ಕೋಲಿಯೋಸಿಸ್ ಎನ್ನುತ್ತಾರೆ. ಎಕ್ಸ್‌ರೇ ಚಿತ್ರದಲ್ಲಿ ಅಳೆದಾಗ ಬಾಗು 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಹೆಸರು ಸಲ್ಲುತ್ತದೆ. ನೂರು ಜನರಲ್ಲಿ ಇಬ್ಬರು ಮೂವರಿಗೆ ಇದು ಇರುವುದುಂಟು. ಬಹುತೇಕ 10ನೆಯ ವಯಸ್ಸಿನ ಬಳಿಕ, ಮಕ್ಕಳು ಎತ್ತರಕ್ಕೆ ಬೆಳೆಯುವ ಕಾಲದಲ್ಲಿ ತಲೆದೋರುತ್ತದೆ. ದೊಡ್ಡ ಬಾಗುಗಳು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿಯೇ ಹೆಚ್ಚು. ಹುಟ್ಟಿನಿಂದಲೇ ಎಲುಬಿನ ರಚನೆ ಕೆಟ್ಟಿರುವುದು, ಸ್ನಾಯುರೋಗ, ಹಿಂದಿನ ಕಾಲದಲ್ಲಿ ಪೋಲಿಯೋ, ಇವೂ ಕಾರಣಗಳಾಗಬಹುದು. ಆದರೆ 10ರಲ್ಲಿ ಸುಮಾರು 8 ಪ್ರಸಂಗಗಳಲ್ಲಿ ನಿಶ್ಚಿತವಾದ ಕಾರಣವು ದೊರೆಯುವುದಿಲ್ಲ.

ಕಾರಣ ದೊರೆಯದ ಕಡೆ ಜನರು ತಾವೇ ಕಾರಣವನ್ನು ಕಲ್ಪಿಸಿಕೊಳ್ಳುತ್ತಾರೆ. ಬಸುರಿದ್ದಾಗ ತಾಯಿ ಗ್ರಹಣ ನೋಡಿದಳೆಂಬುದು ಒಂದು ಮಾತು. ಪೂರ್ವಜನ್ಮದ ಪಾಪವೆಂಬುದು ಮತ್ತೊಂದು. ಮೊದಲನೆಯದಕ್ಕೆ ಯಾವ ಆಧಾರವೂ ಇಲ್ಲ. ಎರಡನೆಯದಂತೂ ಶಿವಭಕ್ತರ ಬಾಯಲ್ಲಿ ಬರತಕ್ಕ ಮಾತೇ ಅಲ್ಲ. ದೀಕ್ಷೆಯಿಂದ ಪೂರ್ವಾಶ್ರಯವು ಅಳಿಯಿತೆಂದು ನಂಬಿದವರು, ಲಿಂಗವನ್ನು ಧರಿಸಿದ ಹೆಣ್ಣುಮಗಳ ಬೆನ್ನಿನಲ್ಲಿ ಮಾತ್ರ ಹಿಂದಿನ ಜನ್ಮದ ಪಾಪವನ್ನು ಹುಡುಕುವುದು ದೀಕ್ಷೆಯನ್ನೇ ಅನುಮಾನಿಸಿದಂತೆ. ಶರೀರವನ್ನು ದೇವಾಲಯವಾಗಿ ಕಂಡ ಬಸವಣ್ಣನವರು ಆ ದೇವಾಲಯಕ್ಕೆ ಶಿಲ್ಪಶಾಸ್ತ್ರದ ಅಳತೆಯನ್ನು ವಿಧಿಸಲಿಲ್ಲ.

ಇನ್ನು ಹೆರಿಗೆಯ ಮಾತು. ಹರೆಯದಲ್ಲಿ ಬರುವ ಸಾಮಾನ್ಯ ಬಾಗಿನಲ್ಲಿ ಡೊಂಕು ಇರುವುದು ಬೆನ್ನೆಲುಬಿನಲ್ಲಿ. ಕೂಸು ಹೊರಬರುವ ದಾರಿಯಾದ ಕಟಿಕುಹರವು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದಕಾರಣ ಇಂಥ ಸ್ತ್ರೀಯರಲ್ಲಿ ಹೆಚ್ಚಿನವರು ಉಳಿದವರಂತೆಯೇ ಬಸುರಾಗಿ, ಸಹಜವಾಗಿ ಹಡೆಯಬಲ್ಲರು. ಬಸುರಿನ ಭಾರದಿಂದ ಡೊಂಕು ಬೆಳೆದೀತೆಂಬ ಭಯವೂ ಬಹುಪಾಲು ನಿರಾಧಾರವಾದುದು. ಅಮೇರಿಕೆಯಲ್ಲಿ 1987ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇಂಥ 355 ಸ್ತ್ರೀಯರನ್ನು ಪರಿಶೀಲಿಸಿ, ಹಡೆದವರಿಗೂ ಹಡೆಯದವರಿಗೂ ಬಾಗಿನ ಬೆಳವಣಿಗೆಯಲ್ಲಿ ಗಣನೀಯವಾದ ಭೇದವನ್ನು ಕಾಣಲಿಲ್ಲ. ಶಸ್ತ್ರಚಿಕಿತ್ಸೆ ಅಥವಾ ಪಟ್ಟಿಯ ಚಿಕಿತ್ಸೆ ಪಡೆದವರನ್ನು 22 ವರ್ಷಗಳ ಮೇಲೆ ಪರೀಕ್ಷಿಸಿದ ಸ್ವೀಡನ್ ದೇಶದ ವೈದ್ಯರು 2001ರಲ್ಲಿ ಪ್ರಕಟಿಸಿದ ನಿರ್ಣಯವೂ ಇದಕ್ಕೆ ಅನುಗುಣವಾಗಿದೆ. ಬೆನ್ನುನೋವು ತುಸು ಹೆಚ್ಚಾಗಬಹುದು. ಮನೆತನದಲ್ಲಿ ಈ ಸ್ಥಿತಿ ಇಳಿದುಬರುವ ಸಂಭವವುಂಟಾದರೂ, ಇಂಥ ತಾಯಂದಿರ ಮಕ್ಕಳಲ್ಲಿ ಬಹುಪಾಲಿನ ಮಕ್ಕಳಿಗೆ ಅದು ಬರುವುದಿಲ್ಲ.

ಆದರೆ ಎಲ್ಲ ಬಾಗೂ ಒಂದೇ ತೆರನಾದುದಲ್ಲವೆಂಬುದನ್ನು ಮರೆಯಲಾಗದು. ಎದೆಗೂಡಿನ ಭಾಗದಲ್ಲಿ ಬಾಗು ತೀವ್ರವಾಗಿದ್ದರೆ ಶ್ವಾಸಕೋಶಕ್ಕೆ ಹಿಗ್ಗಲು ಎಡೆ ಸಾಲದು. ಬಸುರಿನಲ್ಲಿ ದೇಹದ ರಕ್ತದ ಪ್ರಮಾಣವು ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ, ಬೆಳೆಯುವ ಗರ್ಭವು ವಪೆಯನ್ನು ಮೇಲಕ್ಕೆ ಒತ್ತುತ್ತದೆ; ಮೊದಲೇ ದಣಿದ ಹೃದಯ ಮತ್ತು ಶ್ವಾಸಕೋಶಗಳಿಗೆ ಈ ಹೊರೆ ಮೀರಿದುದಾಗಬಹುದು. ಪೋಲಿಯೋ ಅಥವಾ ಹುಟ್ಟುದೋಷದಿಂದ ಬಾಗಿದವರಲ್ಲಿ ಕಟಿಯೂ ವಕ್ರವಾಗಿದ್ದು ಶಸ್ತ್ರಕ್ರಿಯೆಯ ಹೆರಿಗೆ ಬೇಕಾಗಬಹುದು. ಬೆನ್ನಿಗೆ ಲೋಹದ ಕಂಬಿ ಹಾಕಿಸಿಕೊಂಡವರಿಗೆ ಬೆನ್ನಿನಲ್ಲಿ ಸೂಜಿ ಚುಚ್ಚಿ ಕೊಡುವ ಅರಿವಳಿಕೆ ಕಷ್ಟವಾಗುವುದುಂಟು. ಇವೆಲ್ಲಕ್ಕೂ ಉಪಾಯಗಳುಂಟು, ಆದರೆ ವೈದ್ಯರಿಗೆ ಮೊದಲೇ ತಿಳಿದಿದ್ದರೆ ಮಾತ್ರ.

ಎರಡನೆಯ ಅಧರ್ಮವು ತಲೆಯೆತ್ತುವುದು ಇಲ್ಲಿಯೇ. ನಿರಾಕರಣೆಗೆ ಹೆದರಿದ ತವರಿನವರು ಮಗಳ ಬೆನ್ನನ್ನು ಸೆರಗಿನಲ್ಲಿ ಮರೆಮಾಡಿ ಮದುವೆ ಮಾಡುತ್ತಾರೆ. ಚಿಕ್ಕಂದಿನಲ್ಲಿ ಆದ ಶಸ್ತ್ರಚಿಕಿತ್ಸೆಯ ಮಾತನ್ನು ಅತ್ತೆಮನೆಯಲ್ಲಿ ಎತ್ತಬಾರದೆಂದು ಅವಳ ಬಾಯಿ ಕಟ್ಟುತ್ತಾರೆ. ಅವಳು ಬಸುರಾಗಿ, ಕುಬಸದ ಸಂಭ್ರಮವೂ ಮುಗಿದು, ನೋವು ಹತ್ತಿದ ರಾತ್ರಿ ಆಸ್ಪತ್ರೆಯ ಮೇಜಿನ ಮೇಲೆ ಗುಟ್ಟು ಹೊರಬೀಳುತ್ತದೆ. ಪ್ರೀತಿಯಿಂದ ಆಡಿದ ಸುಳ್ಳು ಪ್ರಾಣಕ್ಕೆ ಎರವಾಗುವ ಕ್ಷಣವದು. ಶರಣರು ನುಡಿಗೆ ನಡೆಯನ್ನು ಕಟ್ಟಿದವರು. ಅವರ ಹೆಸರು ಹೇಳುವ ಮನೆಯಲ್ಲಿ ಮಗಳ ಬಾಳು ಮುಚ್ಚುಮರೆಯ ಮೇಲೆ ನಿಲ್ಲಬಾರದು. ಆದರೆ ಮರೆಮಾಚಿದವರನ್ನಷ್ಟೇ ದೂಷಿಸಿದರೆ ನ್ಯಾಯವಾಗದು. ಸತ್ಯ ಹೇಳಿದವರ ಬಾಗಿಲಿಂದ ಎದ್ದು ಹೋಗುವವರೇ ಸುಳ್ಳಿಗೆ ಬೀಜ ಬಿತ್ತುವವರು.

ಪುರಾಣದಲ್ಲಿ ತ್ರಿವಕ್ರೆಯೆಂಬ ಕುಬ್ಜೆಯ ಕಥೆ ಪ್ರಸಿದ್ಧವಾದುದು. ಕೃಷ್ಣನ ಸ್ಪರ್ಶದಿಂದ ಅವಳ ಬೆನ್ನು ನೆಟ್ಟಗಾಯಿತು, ಕೇಳುವವರು ತಲೆದೂಗುತ್ತಾರೆ. ಬೆನ್ನು ನೆಟ್ಟಗಾಗದೆಯೇ ಉಳಿದವಳ ಗತಿಯೇನೆಂದು ಕೇಳುವವರು ಕಡಿಮೆ. ಮಹಾಭಾರತದ ಅಷ್ಟಾವಕ್ರನ ಕಥೆ ಇದಕ್ಕೆ ಉತ್ತರವನ್ನು ಸೂಚಿಸುತ್ತದೆ. ಗರ್ಭದಲ್ಲಿಯೇ ತಂದೆಯ ಶಾಪದಿಂದ ಎಂಟು ಕಡೆ ಬಾಗಿದ ಆ ಬಾಲಕನು ಜನಕನ ಸಭೆಯಲ್ಲಿ ಬಂದಿಯನ್ನು ವಾದದಲ್ಲಿ ಗೆದ್ದದ್ದು ಬಾಗಿದ ಮೈಯಿಂದಲೇ. ಶರಣರ ದಾರಿಯೂ ಅದೇ: ನೆಟ್ಟಗೆ ಮಾಡಿ ಗೌರವಿಸುವುದಲ್ಲ, ಇದ್ದಂತೆಯೇ ಗೌರವಿಸುವುದು.

ಹಾಗಾದರೆ ಹಡೆಯಬೇಕೋ ಬೇಡವೋ ಎಂಬುದನ್ನು ನಿಶ್ಚಯಿಸುವವರು ಯಾರು? ಅತ್ತೆಯೂ ಅಲ್ಲ, ತವರೂ ಅಲ್ಲ, ನೆರೆಹೊರೆಯಂತೂ ಅಲ್ಲ. ವೈದ್ಯರಿಂದ ತನ್ನ ದೇಹಸ್ಥಿತಿಯನ್ನು ಯಥಾರ್ಥವಾಗಿ ಅರಿತುಕೊಂಡ ಆ ಹೆಣ್ಣುಮಗಳೇ, ತನ್ನ ಪತಿಯೊಡನೆ ಕೂಡಿ ವಿಚಾರಿಸಿ, ನಿಶ್ಚಯಿಸತಕ್ಕವಳು. ಈ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಇದೇ ನ್ಯಾಯವನ್ನು ಹೇಳುತ್ತದೆ: ಸಂತಾನ ಮತ್ತು ಕುಟುಂಬಯೋಜನೆಯ ವಿಷಯದಲ್ಲಿ ತಕ್ಕ ತಿಳಿವಳಿಕೆ ಪಡೆಯುವುದು ಅಂಗವಿಕಲರ ಹಕ್ಕು, ಅವರ ಸ್ವತಂತ್ರವಾದ ಒಪ್ಪಿಗೆಯಿಲ್ಲದೆ ಸಂತಾನಶಕ್ತಿಯನ್ನು ನಷ್ಟಪಡಿಸುವ ಚಿಕಿತ್ಸೆ ನಡೆಯಕೂಡದು. ಅಪಾಯವು ಮಿತಿಮೀರಿದೆಯೆಂದು ತಿಳಿದು ಅವಳು ಬೇಡವೆಂದರೆ, ಅದರಿಂದ ಅವಳ ಹೆಣ್ತನಕ್ಕೆ ಕುಂದಿಲ್ಲ. ಅಕ್ಕಮಹಾದೇವಿಯನ್ನು ಲೋಕವು ಅಕ್ಕನೆಂದು ಕರೆದದ್ದು ಹಡೆದಳೆಂದಲ್ಲ.

ಬೇಕೆಂದರೆ, ಗೃಹಸ್ಥರ ಕರ್ತವ್ಯವು ಸ್ಪಷ್ಟವಾಗಿದೆ. ಬಸುರಿಗೆ ಮುನ್ನವೇ ಹೃದಯ ಮತ್ತು ಉಸಿರಾಟದ ಪರೀಕ್ಷೆ ಮಾಡಿಸಬೇಕು. ಬೆನ್ನಿನ ಎಕ್ಸ್‌ರೇ ಬೇಕಾದರೆ ಅದೂ ಆಗಲೇ ಆಗಬೇಕು. ಬಸುರಾದೊಡನೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡಿನಲ್ಲಿ ಬೆನ್ನಿನ ವಿಷಯವನ್ನು ಬರೆಯಿಸಬೇಕು. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಯೋಜನೆ 2016ರಿಂದ ಬಂದಿದೆ. ಬಾಗು ದೊಡ್ಡದಾಗಿದ್ದರೆ ನೋವು ಹತ್ತುವ ತನಕ ಕಾಯದೆ, ದಾವಣಗೆರೆ ಅಥವಾ ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆಯ ವೈದ್ಯರನ್ನು ತಿಂಗಳುಗಳ ಮೊದಲೇ ಕಾಣಬೇಕು.

ಎಂಟನೆಯ ತಿಂಗಳಲ್ಲಿ ಗುರುವು ಆ ತಾಯಿಯ ಮುಂದೆ ನಿಂತಾಗ ಅವಳ ಬೆನ್ನನ್ನು ನೋಡುವುದಿಲ್ಲ. ಒಳಗಿನ ಕೂಸಿಗೆ ಲಿಂಗವನ್ನು ಅವಳ ಮೈಯ ಮೇಲೆಯೇ ಕಟ್ಟುತ್ತಾನೆ. ಗುರುವು ಯೋಗ್ಯವೆಂದು ಬಗೆದ ಆ ಮೈಯನ್ನು ಅಯೋಗ್ಯವೆನ್ನುವ ಅಧಿಕಾರವು ಭಕ್ತರಿಗೆ ಇಲ್ಲ.