ಸಂಶಯದ ಲಾಭ ಯಾರಿಗೆ?

2005ರ ಆಗಸ್ಟ್ 29ರಂದು ಕತ್ರೀನಾ ಹರಿಕೇನ್ ಅಮೆರಿಕದ ಲೂಸಿಯಾನಾ ಕರಾವಳಿಗೆ ಅಪ್ಪಳಿಸಿತು. ಸಮುದ್ರ ಬಿಸಿಯಾದಂತೆ ಇಂತಹ ಚಂಡಮಾರುತಗಳ ವಿನಾಶಕ ಶಕ್ತಿ 1970ರ ದಶಕದಿಂದೀಚೆಗೆ ಬಹಳ ಹೆಚ್ಚಿದೆಯೆಂದು ವಿಜ್ಞಾನಿ ಕೆರಿ ಇಮ್ಯಾನುಯೆಲ್ ‘ನೇಚರ್’ ಪತ್ರಿಕೆಯಲ್ಲಿ ಬರೆದು ಆಗ ಕೆಲವೇ ವಾರಗಳಾಗಿದ್ದವು. ಸೆಪ್ಟೆಂಬರ್‌ನಲ್ಲಿ ಪೀಟರ್ ವೆಬ್‌ಸ್ಟರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ, 4 ಮತ್ತು 5ನೇ ದರ್ಜೆಯ ಅತಿ ತೀವ್ರ ಚಂಡಮಾರುತಗಳು 35 ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿವೆ ಎಂದರು. ನ್ಯೂ ಆರ್ಲಿಯನ್ಸ್ ನಗರ ಇನ್ನೂ ನೀರಿನಲ್ಲಿತ್ತು. ಇದಕ್ಕೆ ಮನುಷ್ಯನ ಹೊಗೆಯೇ ಕಾರಣವೇ ಎಂಬ ವಾದ ಕಾವೇರಿತು.

ಆಕ್ಷೇಪ ಎತ್ತಿದವರೇನೂ ಅಲ್ಪರಲ್ಲ. ಹರಿಕೇನ್ ತಜ್ಞ ಕ್ರಿಸ್ ಲ್ಯಾಂಡ್‌ಸೀ ಹಳೆಯ ದಾಖಲೆಗಳನ್ನೇ ಪ್ರಶ್ನಿಸಿದರು. ಉಪಗ್ರಹಗಳಿಲ್ಲದ ಕಾಲದಲ್ಲಿ ನಡುಗಡಲಿನ ಬಿರುಗಾಳಿ ಹಡಗಿಗೆ ಎದುರಾದರೆ ಮಾತ್ರ ಲೆಕ್ಕಕ್ಕೆ ಸಿಗುತ್ತಿತ್ತು. ಉಪಗ್ರಹ ಬಂದ ಮೇಲೂ ಚಿತ್ರ ನೋಡಿ ಗಾಳಿಯ ವೇಗ ಅಂದಾಜಿಸುವ ಕ್ರಮ ಸುಧಾರಿಸುತ್ತಲೇ ಬಂದಿದೆ. ಹೆಚ್ಚಿದ್ದು ಬಿರುಗಾಳಿಯೋ, ನಮ್ಮ ಕಣ್ಣಿನ ಚುರುಕೋ? ಪ್ರಾಮಾಣಿಕ ಪ್ರಶ್ನೆ. ಸಂಶಯವಿಲ್ಲದೆ ವಿಜ್ಞಾನವಿಲ್ಲ.

ಆ ಪ್ರಶ್ನೆಗೆ ಉತ್ತರ ನಿಧಾನವಾಗಿ ಬಂತು. ಜೇಮ್ಸ್ ಕೊಸಿನ್ ಮತ್ತಿತರರು 1979ರಿಂದ 2017ರವರೆಗಿನ ಉಪಗ್ರಹ ಚಿತ್ರಗಳನ್ನು ಒಂದೇ ಮಟ್ಟಕ್ಕೆ ತಂದು ಪರಿಶೀಲಿಸಿದರು. ಚಂಡಮಾರುತವೊಂದು ತೀವ್ರ ರೂಪ ತಾಳುವ ಸಾಧ್ಯತೆ ದಶಕಕ್ಕೆ ಸುಮಾರು ಶೇ. 8ರಂತೆ ಏರಿದೆಯೆಂದು 2020ರಲ್ಲಿ ಪ್ರಕಟಿಸಿದರು. ನಾಲ್ಕು ದಶಕಗಳಲ್ಲಿ ಪ್ರಬಲ ಚಂಡಮಾರುತಗಳ ಪಾಲು ಹೆಚ್ಚಿರುವುದು ಸಂಭವನೀಯ ಎಂದು 2021ರಲ್ಲಿ ಐಪಿಸಿಸಿ ವರದಿ ಹೇಳಿತು. ಗಮನಿಸಿ, ಹೆಚ್ಚಿದ್ದು ಪಾಲು. ಒಟ್ಟು ಸಂಖ್ಯೆ ಹೆಚ್ಚಿದೆಯೆಂದು ಯಾರೂ ಖಚಿತವಾಗಿ ಹೇಳುತ್ತಿಲ್ಲ. ಮಳೆಯ ಮಾತು ಇನ್ನೂ ಸ್ಪಷ್ಟ. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು.

ನ್ಯಾಯಾಲಯ ಸಂಶಯದ ಲಾಭವನ್ನು ಆರೋಪಿಗೆ ಕೊಡುತ್ತದೆ. ನಿರಪರಾಧಿ ಗಲ್ಲಿಗೇರಬಾರದೆಂಬ ಆ ನಿಯಮವನ್ನು ನಾವು ಗೌರವಿಸುತ್ತೇವೆ. ಆದರೆ ಚಿಮಣಿಯ ಹೊಗೆಗೂ ಅದೇ ಲಾಭ ಸಲ್ಲಬೇಕೆ? ಹೊಗೆಗೆ ಹೆಂಡತಿ ಮಕ್ಕಳಿಲ್ಲ. ಅದನ್ನು ಅನ್ಯಾಯವಾಗಿ ಶಂಕಿಸಿದರೆ ಹಣ ನಷ್ಟವಾದೀತು. ಅನ್ಯಾಯವಾಗಿ ಖುಲಾಸೆ ಮಾಡಿದರೆ ಬೆಲೆ ತೆರುವವರು ಬೇರೆಯೇ ಜನ. ನ್ಯೂ ಆರ್ಲಿಯನ್ಸ್‌ನಲ್ಲಿ ಊರು ಬಿಡಿ ಎಂಬ ಆದೇಶ ಬಂದಾಗ ಕಾರಿದ್ದವರು ಹೊರಟರು. ಬಡವರು, ಕಪ್ಪು ಜನರು, ಮುದುಕರು, ರೋಗಿಗಳು ದೊಡ್ಡ ಸಂಖ್ಯೆಯಲ್ಲಿ ಹಿಂದುಳಿದರು. ವಿಜ್ಞಾನಿ ಇನ್ನೂ ತಿಳಿಯಬೇಕೆಂದು ಸಂಶಯಪಡುತ್ತಾನೆ. ಏನೂ ಮಾಡಬಾರದೆಂದು ಅದೇ ಸಂಶಯವನ್ನು ಎರವಲು ಪಡೆಯುವವರೂ ಇದ್ದಾರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು.

ಹಾಗೆಂದು ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದೂ ಸುಳ್ಳೇ. ಆ ನಗರವನ್ನು ಮುಳುಗಿಸಿದ್ದು ಬಹುಮಟ್ಟಿಗೆ ಒಡೆದುಹೋದ ತಡೆಗೋಡೆಗಳು. ಅವುಗಳನ್ನು ಕಟ್ಟಿದವರು ಇಂಗಾಲದ ಹಿಂದೆ ಅವಿತುಕೊಳ್ಳಲು ಬಿಡಬಾರದು.

2006ರ ಜುಲೈಯಲ್ಲಿ ಹತ್ತು ಮಂದಿ ತಜ್ಞರು ಒಂದು ಹೇಳಿಕೆಗೆ ಸಹಿ ಹಾಕಿದರು. ಅವರಲ್ಲಿ ಇಮ್ಯಾನುಯೆಲ್, ವೆಬ್‌ಸ್ಟರ್, ಲ್ಯಾಂಡ್‌ಸೀ ಮೂವರೂ ಇದ್ದರು. ತಮ್ಮ ವಾದ ಮುಗಿದಿಲ್ಲ, ಆದರೆ ಅಪಾಯದ ಕರಾವಳಿಯಲ್ಲಿ ಜನರನ್ನೂ ಆಸ್ತಿಯನ್ನೂ ಪೇರಿಸುತ್ತಿರುವ ವಿಮೆ, ಕಟ್ಟಡ, ಪರಿಹಾರ ನೀತಿಗಳ ಮರುಪರಿಶೀಲನೆ ಅದಕ್ಕಾಗಿ ಕಾಯಬಾರದು ಎಂಬುದು ಅವರ ಒಮ್ಮತವಾಗಿತ್ತು.