ಬೆರಗು ಬಂದು ತಂಗಿದ ದಡ

ಪುಷ್ಯ ಮಾಸದ ಸಂಜೆ ಅಡಾಜಣ್‌ನ ಗಾಳಿಗೆ ಸುಟ್ಟ ಹಸಿ ಜೋಳದ ವಾಸನೆ. ಸರ್ದಾರ್ ಸೇತುವೆ ಇಳಿದು ತಾಪಿಯ ಪಡುವಣ ದಡಕ್ಕೆ ಕಾಲಿಟ್ಟರೆ, ಎತ್ತರದ ವಸತಿ ಕಟ್ಟಡಗಳ ನಡುವೆ ಪೋಂಕ್ ಮಾರುವವರ ಚಪ್ಪರಗಳು. ಹಾಲು ತುಂಬಿದ ತೆನೆಗಳನ್ನು ಬಿಸಿ ಬೂದಿಯಲ್ಲಿ ಹುದುಗಿಸಿ, ಹದ ನೋಡಿ ಹೊರಗೆಳೆದು, ಬಟ್ಟೆಯ ಚೀಲಕ್ಕೆ ತುಂಬಿ ಕೋಲಿನಿಂದ ಬಡಿದು, ಹೊಟ್ಟು ಹಾರಿಸಿ ಅಂಗೈಗೆ ಸುರಿದಾಗ, ಆ ಎಳೆಹಸಿರು ಕಾಳುಗಳಲ್ಲಿ ಇನ್ನೂ ಜೀವದ ಬಿಸುಪು ಇರುತ್ತದೆ. ವಿಜಯಪುರ, ಧಾರವಾಡದ ಕಡೆಯವರಿಗೆ ಇದು ಹೊಲದ ಬದುವಿನ ಮೇಲೆ ಕೂತು ತಿಂದ ಸೀತನಿಯೇ. ಬೆಲ್ಲ, ಶೇಂಗಾ ಹಿಂಡಿಯ ಜಾಗದಲ್ಲಿ ಇಲ್ಲಿ ನಿಂಬೆ, ಕಾಳುಮೆಣಸಿನ ಸೇವು ಮತ್ತು ಸಕ್ಕರೆಯ ಪುಟ್ಟ ಗುಳಿಗೆಗಳು. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರೆ ಮೊದಲು ಹೊಗೆ, ಆಮೇಲೆ ಹಾಲು, ಎಲ್ಲಕ್ಕೂ ಹಿಂದೆ ಎಲ್ಲೋ ತೀರ ಕೆಳಗಿನಿಂದ ಮಣ್ಣು ನಾಲಗೆಯ ಮೇಲೆ ಬಂದು ಕೂರುತ್ತವೆ. ತಿನ್ನುತ್ತ ನಿಂತವರು ಆ ಗಳಿಗೆಯಲ್ಲಿ ಯಾರೊಂದಿಗೂ ಮಾತಾಡುವುದಿಲ್ಲ.

ವಿಚಿತ್ರ ಊರುಗಳನ್ನೂ ವಿಚಿತ್ರ ಮನುಷ್ಯರನ್ನೂ ಹುಡುಕಿಕೊಂಡು ಹೊರಡುವವರು ಅಡಾಜಣ್‌ಗೆ ಬರುವುದು ಕಡಿಮೆ. ಹೊರನೋಟಕ್ಕೆ ಇದು ಸೂರತ್ತಿನ ಒಂದು ಬಡಾವಣೆ. ಆದರೆ ಇಲ್ಲಿ ತಡೆದು ನಿಂತರೆ, ನದಿಯ ಎರಡೂ ದಡಗಳಲ್ಲಿ ಜಗತ್ತನ್ನು ಕಂಡು ಬೆರಗಾದವರ, ಆ ಬೆರಗಿನಿಂದ ಮತ್ತೆ ಮೊದಲಿನಂತಾಗದೆ ಉಳಿದವರ ಹೆಜ್ಜೆಗಳು ಎಷ್ಟು ದಟ್ಟವಾಗಿವೆ ಎಂಬುದು ಮೆಲ್ಲಗೆ ತಿಳಿಯುತ್ತದೆ.

ನದಿಯಿಂದಲೇ ತೊಡಗಬೇಕು. ತಾಪಿ ಎಂದರೆ ತಪತಿ, ಸೂರ್ಯನ ಮಗಳು, ಸಂವರಣನ ಹೆಂಡತಿ, ಕುರುವಿನ ತಾಯಿ. ಆಷಾಢ ಶುದ್ಧ ಸಪ್ತಮಿಯಂದು ಅವಳ ಹುಟ್ಟುಹಬ್ಬ. ದೇಶಕ್ಕೆಲ್ಲ ಸೀರೆ ನೇಯ್ದು ಕಳಿಸುವ ಈ ಊರು ಅಂದು ತನ್ನ ನದಿಗೂ ಉದ್ದನೆಯ ಚುನರಿ ಉಡಿಸುತ್ತದೆ. ಮಳೆಗಾಲದ ಕೆಂಪು ನೀರಿನ ಮೇಲೆ ಆ ಬಟ್ಟೆ ಹರಡುತ್ತ, ಒದ್ದೆಯಾಗುತ್ತ, ಅಲೆಗಳ ಏರಿಳಿತಕ್ಕೆ ತಾನೂ ಏರಿ ಇಳಿಯುತ್ತ ಸಾಗುವಾಗ, ಯಾರು ಯಾರನ್ನು ಉಟ್ಟಿದ್ದಾರೆಂದು ಹೇಳುವುದು ಕಷ್ಟ. 2006ರ ಆಗಸ್ಟಿನಲ್ಲಿ ಉಕಾಯಿ ಜಲಾಶಯದಿಂದ ಬಿಟ್ಟ ನೀರು ಸೂರತ್ತಿನ ಬಹುಭಾಗವನ್ನು ಮುಳುಗಿಸಿತು. ಅಡಾಜಣ್, ರಾಂದೇರ್‌ಗಳಲ್ಲಿ ಜನ ಮಾಳಿಗೆಗಳ ಮೇಲೆ ಕೂತು ತಮ್ಮ ಬೀದಿಗಳೇ ನದಿಯಾದದ್ದನ್ನು ನೋಡಿದರು. ಹಾಗೆ ಮನೆಯೊಳಗೆ ನುಗ್ಗಿದವಳಿಗೆ ಮರುವರ್ಷವೂ ಚುನರಿ ತಪ್ಪಲಿಲ್ಲ. ಇದಕ್ಕೆ ಭಕ್ತಿ ಎಂದು ಹೆಸರಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಮುನಿಸು, ಭಯ, ಪ್ರೀತಿ ಎಲ್ಲವೂ ಆ ಬಟ್ಟೆಯ ನೂಲಿನಲ್ಲಿವೆ.

ಬಡಗಣಕ್ಕೆ ನಡೆದರೆ ರಾಂದೇರ್, ಸೂರತ್ತಿಗಿಂತ ಮೊದಲೇ ಸಿರಿಯನ್ನು ಕಂಡ ಊರು. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಇಲ್ಲಿನ ವರ್ತಕರ ಮನೆಗಳ ಬಗ್ಗೆ ಬರೆದಿದ್ದಾನೆ: ಮುಂದಿನ ಕೋಣೆಯ ಸುತ್ತಲೂ ಹಲಗೆಗಳು, ಹಲಗೆಗಳ ತುಂಬ ಹೊಸ ಹೊಸ ಬಗೆಯ ಪಿಂಗಾಣಿ. ಆ ಹಲಗೆಗಳ ಮೇಲೆ ಬೆಳಗಿನ ಓರೆ ಬಿಸಿಲು ಬಿದ್ದಾಗ, ಯಾವುದೋ ಕಡಲಾಚೆಯ ಕುಂಬಾರ ತಿದ್ದಿದ ನೀಲಿ ಹೂವು ಗುಜರಾತದ ಒಂದು ಹಜಾರದಲ್ಲಿ ಅರಳಿದ್ದನ್ನು ಯಾರು ಯಾರು ನೋಡಿರಬಹುದು! 1530ರಲ್ಲಿ ಪೋರ್ಚುಗೀಸರೇ ಬಂದು ಈ ಊರನ್ನು ದೋಚಿ ಸುಟ್ಟರು. ರಾಂದೇರ್ ಆದರೂ ಕಡಲಿನ ಹಂಬಲ ಬಿಡಲಿಲ್ಲ. ಮುಂದಿನ ಕಾಲದಲ್ಲಿ ಇಲ್ಲಿಯವರು ರಂಗೂನಿಗೆ ಹೋಗಿ ವ್ಯಾಪಾರ ಮಾಡಿದರು, ಹೊರಳಿ ಬರುವಾಗ ಬಾಯಿಗೆ ಹತ್ತಿದ ರುಚಿಗಳನ್ನೂ ತಂದರು. ಕೆತ್ತನೆಯ ಮರದ ಕಂಬಗಳ ಹಳೆಯ ಮನೆಗಳ ಓಣಿಯಲ್ಲಿ, ರಂಜಾನಿನ ಇರುಳು, ತೆಂಗಿನ ಹಾಲಿನ ಘಮದ ಬರ್ಮಾದ ಖಾವ್ಸೆಯನ್ನು ಬಟ್ಟಲಿಗೆ ಸುರಿದು ಕೊಡುವಾಗ, ಐರಾವತಿ ನದಿ ತಾಪಿಯನ್ನು ಸೇರುತ್ತಿದೆಯೆಂದೇ ನನಗೆ ಅನ್ನಿಸುತ್ತದೆ.

ಮೂಡಣ ದಡದ ಹಳೆಯ ಸೂರತ್ತಿನಲ್ಲಿ ಇನ್ನೊಂದು ಬಗೆಯ ಬೆರಗಿತ್ತು. 1689ರಲ್ಲಿ ಬಂದ ಇಂಗ್ಲಿಷ್ ಪಾದ್ರಿ ಜಾನ್ ಓವಿಂಗ್ಟನ್ ತನ್ನ ಪ್ರವಾಸಕಥನದಲ್ಲಿ ಬರೆಯುತ್ತಾನೆ: ಇಲ್ಲಿನ ಬನಿಯಾಗಳು ಮುದಿ ಹಸು, ಕುಂಟು ಕುದುರೆ, ಆಡು, ನಾಯಿಗಳಿಗೆ ಆಸ್ಪತ್ರೆ ಕಟ್ಟಿಸಿದ್ದರು, ಅದರ ಪಕ್ಕದಲ್ಲೇ ತಿಗಣೆ, ಚಿಗಟ, ಕ್ರಿಮಿಗಳಿಗೂ ಒಂದು ನೆಲೆ. ಅವುಗಳಿಗೆ ರಕ್ತದ ಆಹಾರ ಸಿಗಲೆಂದು ಯಾರಾದರೂ ಬಡವನಿಗೆ ಕೂಲಿ ಕೊಟ್ಟು ರಾತ್ರಿಯಿಡೀ ಅಲ್ಲಿನ ಮಂಚದ ಮೇಲೆ ಮಲಗಿಸುತ್ತಿದ್ದರಂತೆ, ನೋವು ತಾಳದೆ ಎದ್ದು ಹೋಗಬಾರದೆಂದು ಮಂಚಕ್ಕೆ ಕಟ್ಟುತ್ತಿದ್ದರಂತೆ. ಓದುಗರು ನಗಬಹುದು, ಮುಖ ಸಿಂಡರಿಸಬಹುದು. ಮಂಚಕ್ಕೆ ಕಟ್ಟಿಸಿಕೊಂಡ ಆ ಬಡವನನ್ನು ನೆನೆದು ನನ್ನ ಮೈ ಜುಮ್ಮೆನ್ನುತ್ತದೆ, ಅವನ ಪಾಲಿನ ದಯೆ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಬಿಡುವುದಿಲ್ಲ. ಹಾಗಿದ್ದೂ, ಚಿಗಟದ ಹಸಿವು ಕೂಡ ಹಸಿವೇ ಎಂದು ಒಂದು ಊರು ಎಂದೋ ಒಮ್ಮೆ ನಂಬಿತ್ತು, ನಂಬಿ ಅದಕ್ಕೊಂದು ಮನೆ ಕಟ್ಟಿತ್ತು ಎಂಬುದರ ಮುಂದೆ ಮಾತು ನಿಲ್ಲುತ್ತದೆ.

ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಕಾಡುವವನು ಟಾಮ್ ಕೋರಿಯಟ್. ಇಂಗ್ಲೆಂಡಿನ ಸಾಮರ್ಸೆಟ್‌ನ ಆಡ್‌ಕೂಂಬ್ ಎಂಬ ಹಳ್ಳಿಯವನು. 1608ರಲ್ಲಿ ವೆನಿಸ್‌ವರೆಗೆ ಹೋಗಿ, ಬಹುಪಾಲು ದಾರಿಯನ್ನು ಕಾಲ್ನಡಿಗೆಯಲ್ಲೇ ಕಳೆದು ಮರಳಿದವನು, ಸವೆದುಹೋದ ಜೋಡುಗಳನ್ನು ತನ್ನೂರಿನ ಇಗರ್ಜಿಯಲ್ಲಿ ತೂಗುಹಾಕಿದ. 1611ರಲ್ಲಿ ಆ ಪ್ರಯಾಣದ ಪುಸ್ತಕ ತಂದಾಗ ಬೆನ್ ಜಾನ್ಸನ್, ಜಾನ್ ಡನ್ ಮೊದಲಾದವರು ಅವನನ್ನು ಹಾಸ್ಯ ಮಾಡಿ ಪದ್ಯ ಬರೆದರು. ಅವನು ಅವೆಲ್ಲವನ್ನೂ ಅದೇ ಪುಸ್ತಕದ ಮುಂಭಾಗದಲ್ಲಿ ಅಚ್ಚು ಹಾಕಿಸಿದ. 1612ರಲ್ಲಿ ಮತ್ತೆ ಹೊರಟ. ಕಾನ್‌ಸ್ಟಾಂಟಿನೋಪಲ್, ಜೆರುಸಲೇಮ್, ಅಲೆಪ್ಪೊ. ಅಲ್ಲಿಂದ ಮರಳು, ಕಲ್ಲು, ಕಣಿವೆಗಳನ್ನು ದಾಟುತ್ತ, ಪರ್ಷಿಯಾವನ್ನು ಹಾದು, 1615ರಲ್ಲಿ ಅಜ್ಮೇರ್ ತಲುಪಿದ. ಅಲೆಪ್ಪೊದಿಂದ ಮೊಗಲ್ ದೊರೆಯ ಆಸ್ಥಾನದವರೆಗೆ ತನಗೆ ಖರ್ಚಾದದ್ದು ಮೂರೇ ಪೌಂಡು ಎಂದು ಊರಿಗೆ ಕಾಗದ ಬರೆದ. ನುಡಿಗಳನ್ನು ಅವನು ದಾರಿಯಲ್ಲಿ ಸಿಕ್ಕ ಹಣ್ಣಿನಂತೆ ಕೊಯ್ದುಕೊಳ್ಳುತ್ತಿದ್ದ. ಟರ್ಕಿ, ಅರಬ್ಬಿ, ಪಾರಸಿ, ಹಿಂದುಸ್ತಾನಿ. ಜಹಾಂಗೀರನ ಝರೋಕೆಯ ಕೆಳಗೆ ನಿಂತು ಪಾರಸಿಯಲ್ಲೇ ಭಾಷಣ ಮಾಡಿದಾಗ ದೊರೆ ಮೇಲಿನಿಂದ ನೂರು ರೂಪಾಯಿ ಇಳಿಬಿಟ್ಟ. ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋಗೆ ಇದು ಅವಮಾನವೆನ್ನಿಸಿತು. ಅಲೆಮಾರಿಗೆ ನಗರಗಳನ್ನು ನೋಡಲು ಇನ್ನಷ್ಟು ದಿನ ಸಿಕ್ಕವು, ಅಷ್ಟೇ ಸಾಕಾಗಿತ್ತು.

ರೋನ ಪಾದ್ರಿ ಎಡ್ವರ್ಡ್ ಟೆರ್ರಿ ಅವನೊಂದಿಗೆ ಡೇರೆ ಹಂಚಿಕೊಂಡಿದ್ದ. ಕೋರಿಯಟ್‌ನ ಕೊನೆಯ ದಿನಗಳು ನಮಗೆ ತಿಳಿದಿರುವುದು ಟೆರ್ರಿಯ ಬರಹದಿಂದಲೇ. ಮಾಂಡುವಿನಲ್ಲಿ ಒಂದು ದಿನ ಕೋರಿಯಟ್ ಕಲ್ಲಿನ ಕಂಬಕ್ಕೆ ಒರಗಿ ನಿಂತಿದ್ದವನು ಹಾಗೆಯೇ ಮೂರ್ಛೆ ಹೋದ. ಎಚ್ಚರವಾದ ಮೇಲೆ ಮನಸ್ಸು ತೆರೆದು ಹೇಳಿದ: ಸೂರತ್ತಿನ ದಾರಿಯಲ್ಲಿ ತಾನು ಸತ್ತು ಎಲ್ಲೋ ಮಣ್ಣಾಗಿ, ತನಗೆ ಏನಾಯಿತೆಂಬುದು ಬಲ್ಲವರಲ್ಲಿ ಒಬ್ಬರಿಗೂ ತಿಳಿಯದೆ ಹೋದರೆ ಎಂಬ ಭಯ. ಅಷ್ಟು ನಡೆದವನಿಗೆ ಸಾವಿನ ಭಯವಿರಲಿಲ್ಲ. ಕಂಡದ್ದೆಲ್ಲ, ಟಿಪ್ಪಣಿಗಳೆಲ್ಲ, ಯಾರಿಗೂ ಹೇಳದೆ ತನ್ನೊಂದಿಗೇ ಮುಗಿದುಹೋಗುವುದರ ಭಯವಿತ್ತು. ಬೆರಗಾದವನ ಎದೆ ಹೀಗೆಯೇ ಇರುತ್ತದೆ. ಅದಕ್ಕೆ ಕೇಳುವ ಒಂದು ಕಿವಿ ಬೇಕು.

ದಾರಿಯಲ್ಲಿ ಸಾಯಲಿಲ್ಲ, ಸೂರತ್ ಮುಟ್ಟಿದ. 1617ರ ಡಿಸೆಂಬರ್, ಇಲ್ಲಿ ಈಗ ಪೋಂಕ್ ಸುಡುವ ಇದೇ ಚಳಿಯ ತಿಂಗಳು. ಅಲ್ಲಿದ್ದ ಇಂಗ್ಲಿಷರು ಆದರದಿಂದ ತಾಯ್ನಾಡಿನಿಂದ ಬಂದ ದ್ರಾಕ್ಷಾಮದ್ಯ ಕೊಟ್ಟರು. ಮೊದಲೇ ಕಾಡುತ್ತಿದ್ದ ಆಮಶಂಕೆ ಅದರಿಂದ ಉಲ್ಬಣಿಸಿ, ಕೆಲವೇ ದಿನಗಳಲ್ಲಿ ತೀರಿಕೊಂಡ.

ಅಡಾಜಣ್‌ನಿಂದ ಹಜೀರಾದ ಹೆದ್ದಾರಿ ಹಿಡಿದು ಕಡಲಿನತ್ತ ಸಾಗಿದರೆ, ಕಾರ್ಖಾನೆಗಳ ಬೆಳಕಿನಾಚೆ ಸುವಾಲಿಯ ಕಪ್ಪು ಮರಳಿನ ತೀರ. ಅದರ ಸಮೀಪದ ರಾಜ್‌ಗರಿ ಹಳ್ಳಿಯ ಬಯಲಿನಲ್ಲಿ ಗುಮ್ಮಟವಿರುವ ಒಂದು ಗೋರಿ ಇದೆ, ಇಂಗ್ಲೆಂಡಿನ ಗೋರಿಗಳಿಗಿಂತ ಈ ನೆಲದ ದರ್ಗಾಗಳಿಗೇ ಹತ್ತಿರವಾದ ಕಟ್ಟಡ. ಅದು ಕೋರಿಯಟ್‌ನದೆಂದೇ ಹೇಳುತ್ತ ಬಂದಿದ್ದಾರೆ. ಒಳಗೆ ಮಲಗಿದವನು ಅವನೇ ಎಂದು ಆಣೆಯಿಟ್ಟು ಹೇಳುವವರಿಲ್ಲ. ಆದರೆ ತಾನು ಎಲ್ಲಿ ಮಣ್ಣಾದೆನೆಂದು ಯಾರಿಗೂ ತಿಳಿಯದೆ ಹೋದೀತೆಂದು ಅಂಜಿದ್ದವನ ಹೆಸರನ್ನು ಮುಂದೆ ಬ್ರಿಟಿಷ್ ನೌಕಾಪಡೆ ತನ್ನ ಕಡಲ ನಕ್ಷೆಗಳಲ್ಲಿ, ಈ ದಡದ ಗುರುತಾಗಿ, ಟಾಮ್ ಕೋರಿಯಟ್‌ನ ಗೋರಿ ಎಂದೇ ಬರೆಸಿತು.